ದೊಡ್ಡವ್ವನ ಕಣಕ್ಕೆ ಬಂದ ಬಸ್ಸು

ಈ ಬೆಳಿಗ್ಗೆ ಮೈಸೂರು ಬಸ್ಸೊಂದು ಹಾದುಹೋದ ಮೇಲೆ ಎದ್ದ ಧೂಳಿನಲ್ಲಿ ಹುರುಳಿ ಹೊಟ್ಟಿನ ವಾಸನೆಯಿತ್ತು. ಪಟ್ಟಣವಾಸಿಯಾದ ನಾನು ಮೂಗು ಮುಚ್ಚಿಕೊಂಡೆ. ಆಮೇಲೆ ನಾಚಿಕೆಯಾಯಿತು. ಭೇರ್ಯದ ಆಚೆಗಿನ ನಮ್ಮ ಹಳ್ಳಿ ಪಟ್ಟಣವಾದ ವೈಭವವನ್ನು ಕಣ್ಣಾರೆ ಕಂಡವನಲ್ಲವೇ ನಾನು!

ವೈಭವವೆಂದರೆ ಮತ್ತೇನಿಲ್ಲ. ಮೊದಲು ರಸ್ತೆ ಪಕ್ಕ ಒಂದು ಟೀ ಹೋಟೆಲು ಬಂತು. ಆಮೇಲೆ ಗೊಬ್ಬರದಂಗಡಿ. ಹೋಟೆಲಿನ ಅಣ್ಣ ತಮ್ಮ ಜಗಳವಾಡಿದ್ದರಿಂದ ಎರಡನೆಯ ಟೀ ಹೋಟೆಲು. ಅಲ್ಲಿಗೆ ನಮ್ಮದು ಪಟ್ಟಣವೆಂಬುದರಲ್ಲಿ ಹಿರಿಯರಿಗೆ ಅನುಮಾನ ಉಳಿಯಲಿಲ್ಲ. ಪಟ್ಟಣವೆಂದ ಮೇಲೆ ಬಸ್ ಸ್ಟ್ಯಾಂಡು ಬೇಡವೇ? ಹುಡುಕಿದಾಗ ಕಣ್ಣಿಗೆ ಬಿದ್ದದ್ದು ನನ್ನ ದೊಡ್ಡವ್ವ ರಾಗಿ, ಹುರುಳಿ ಒಕ್ಕುತ್ತಿದ್ದ ಕಣ. ಕಾಗದದಲ್ಲಿ ಅದು ಊರ ಜಾಗ. ವರ್ಷ ವರ್ಷ ಸಗಣಿ ಸಾರಿಸಿದ ಕೈ ಮಾತ್ರ ದೊಡ್ಡವ್ವನದು.

"ಕಣ ಕಿತ್ಕೊಂಡ್ರೆ ಉಳ್ಳಿ ಎಲ್ಲಿ ಬಡೀಲಿ?" ಎಂದು ಆಕೆ ಕೇಳಿದಳು.

"ಟೌನ್ ಆಯ್ತಾದೆ ಕಣವ್ವ. ಇನ್ಮೇಲೆ ಉಳ್ಳಿ ಅಂಗ್ಡೀಲೇ ಸಿಕ್ತದೆ ಬುಡು," ಎಂದರು ಪಂಚಾಯ್ತಿ ಅಧ್ಯಕ್ಷರು.

"ಅಂಗ್ಡಿಯೋನ್ಗೆ ಯಾರು ಬಡ್ದು ಕೊಟ್ಟಾರು?"

ಅಧ್ಯಕ್ಷರು ಜಾಗ ಅಳೆಯಲು ಟೇಪು ಹಿಡಿದರು. ಅಭಿವೃದ್ಧಿಯ ವಿಷಯದಲ್ಲಿ ಅಷ್ಟು ಆಳಕ್ಕಿಳಿಯುವ ಪದ್ಧತಿ ಇಲ್ಲ.

ಕಣಕ್ಕೆ ಜಲ್ಲಿ ಸುರಿದ ದಿನ ದೊಡ್ಡವ್ವ ಉಣ್ಣಲಿಲ್ಲ. ಗಂಡಸರಾದ ನಾವು ಟೀ ಹೋಟೆಲಿನಲ್ಲಿ ಕೂತು ಬಹಳ ಮರುಗಿದೆವು.

ಉದ್ಘಾಟನೆಯ ಬೆಳಿಗ್ಗೆ ನೋಡಿದರೆ, ಆಕೆ ಸ್ಟ್ಯಾಂಡಿನ ಹೊಸ ಡಾಂಬರಿನ ತುಂಬ ಹುರುಳಿ ಗಿಡ ಹರಡಿಬಿಟ್ಟಿದ್ದಾಳೆ! ಹಾರ ಹಾಕಿಕೊಂಡ ಬಸ್ಸು ಗಕ್ಕನೆ ನಿಂತಿತು. ಅಧ್ಯಕ್ಷರು ಕೂಗಾಡಿದರು. ದೊಡ್ಡವ್ವ ನೇರ ಡ್ರೈವರನ ಬಳಿಗೆ ಹೋದಳು.

"ಸುಮ್ಕೆ ಯಾಕಪ್ಪ ನಿಂತ್ಕಂಡೆ? ಅತ್ಸು."

ಅವನು ಹತ್ತಿಸಿದ. ಒಣಗಿದ ಕಾಯಿ ಪಟಪಟ ಸಿಡಿದವು.

"ಇನ್ನೊಂದ್ ಕಿತ ಇಂದಕ್ ಬಾ ಮಗ, ಕಾಳು ಪೂರಾ ಬುಟ್ಟಿಲ್ಲ."

ಬಸ್ಸು ಹಿಂದಕ್ಕೂ ಬಂತು. ಇದೂ ಕಾರ್ಯಕ್ರಮದಲ್ಲಿದೆಯೆಂದು ತಿಳಿದು ಅತಿಥಿಗಳು ಚಪ್ಪಾಳೆ ತಟ್ಟಿದರು. ದೊಡ್ಡವ್ವ ನಗಲಿಲ್ಲ. ವೇದಿಕೆಗೆ ಬೆನ್ನು ಮಾಡಿ ಕಾಳು ಗುಡಿಸತೊಡಗಿದಳು. ಮುಂದಿನ ಸುಗ್ಗಿಗೆ ಅಧ್ಯಕ್ಷರ ಮನೆಯ ಹುರುಳಿಯೂ ಡಾಂಬರಿಗೆ ಬಂತು.

ದೊಡ್ಡವ್ವ ಈಗಿಲ್ಲ. ಇವತ್ತು ರಸ್ತೆಯಲ್ಲಿ ಹುರುಳಿ ಹೊರೆ ಇಳಿಸುತ್ತಿದ್ದ ಹೆಂಗಸೊಬ್ಬಳಿಗೆ, ದೊಡ್ಡ ಮನಸ್ಸು ಮಾಡಿ, "ಲೇಔಟಲ್ಲಿ ನನ್ನ ಸೈಟು ಖಾಲಿ ಬಿದ್ದಿದೆ ಕಣಮ್ಮ, ಅಲ್ಲೇ ಕಣ ಮಾಡ್ಕೊ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲಿಗೆ ಬಸ್ ಬತ್ತದಾ ಸ್ವಾಮಿ?"

ಬರುವುದಿಲ್ಲವೆಂದು ಒಪ್ಪಿಕೊಂಡು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹೊರೆಯ ಗಂಟು ಬಿಚ್ಚತೊಡಗಿದೆ.