ಮಗ್ಗದವರ ದನಿಯಿಲ್ಲದ ಮಾತು

ಬನಹಟ್ಟಿಯಲ್ಲಿ ನಮ್ಮ ಚರ್ಚಿನ ಗೋಡೆಗೆ ಹೊಂದಿಕೊಂಡೇ ಒಂದು ಮಗ್ಗದ ಶೆಡ್ಡು ಇದೆ. ಭಾನುವಾರ ಬೆಳಿಗ್ಗೆ ಪಾಸ್ಟರು ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಗೋಡೆಯಾಚೆ ಸೀರೆ ನೇಯುವ ಖಟಪಟ ನಿಲ್ಲುವುದಿಲ್ಲ. ಸಭೆಯ ಮುಕ್ಕಾಲು ಜನ ಅಂಥ ಶೆಡ್ಡುಗಳಲ್ಲೇ ದುಡಿಯುವವರು. ನಾನು ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಮ್ಮ ಯಜಮಾನರು ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ, ನಾನು ಹಾಡು ಎತ್ತುತ್ತಿದ್ದೆ. ಎತ್ತುವುದೆಂದರೆ ಮೊದಲ ಸಾಲು ನನ್ನೊಬ್ಬಳದು, ಆಮೇಲೆ ಸಭೆ ಕೂಡಬೇಕು. ಇಪ್ಪತ್ತು ವರ್ಷ ಈ ಕೆಲಸ ಮಾಡಿದೆ, ಹಾಡಿನ ಪುಸ್ತಕಗಳ ಕಪಾಟಿನ ಕೀಲಿಯೂ ನನ್ನ ಸೆರಗಿನ ಗಂಟಿನಲ್ಲೇ ಇರುತ್ತಿತ್ತು.

ನಾನು ಸಿಟ್ಟಿನ ಹೆಂಗಸು, ಮುಚ್ಚಿಡುವುದೇನಿದೆ. ಶ್ರುತಿ ಬಿಟ್ಟವರನ್ನು ಸಭೆಯ ನಡುವೆಯೇ ದಿಟ್ಟಿಸಿ ನೋಡುತ್ತಿದ್ದೆ. ಅದಕ್ಕಿಂತ ಹೆಚ್ಚು ನನ್ನ ತಲೆ ಕೆಡಿಸುತ್ತಿದ್ದದ್ದು ಮಗ್ಗದವರ ಒಂದು ಚಾಳಿ. ಶೆಡ್ಡಿನ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲವಲ್ಲ, ಅದಕ್ಕೆ ಅವರು ತುಟಿ, ಹುಬ್ಬು, ಬೆರಳುಗಳಲ್ಲೇ ಮಾತಾಡುತ್ತಾರೆ. ಆ ರೂಢಿಯನ್ನು ಚರ್ಚಿಗೂ ತಂದಿದ್ದರು. ಪಾಸ್ಟರು ಉಪದೇಶ ಮಾಡುತ್ತಿದ್ದರೆ ಇಲ್ಲಿ ಚಾಪೆಯ ಈ ತುದಿಯಿಂದ ಆ ತುದಿಗೆ ಊರಿನ ಸುದ್ದಿಯೆಲ್ಲ ಸದ್ದಿಲ್ಲದೆ ದಾಟುತ್ತಿತ್ತು. ಒಂದು ದಿನ ಮಗ್ಗದ ಸಣ್ಣ ಕೊಳವೆಗಳಿಗೆ ನೂಲು ತುಂಬುವ, ಕಂಡಿಕೆ ಸುತ್ತುವ ಹೆಂಗಸೊಬ್ಬಳನ್ನು ಹೊರಗೆ ನಿಲ್ಲಿಸಿ ಬೈದೆ.

"ದೇವರ ಮುಂದ ಕುಂತು ಹರಟಿ ಹೊಡಿಯೂದೇನಬೇ?"

"ಬಾಯಾಗಿಂದ ದನಿನೇ ಬಂದಿಲ್ಲಲ್ರೀ ಅಕ್ಕೋರ," ಎಂದಳು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. ಅಂದಿನಿಂದ ನಾನು ಆಕೆಯೊಡನೆ ಬಿಗಿದ ಮುಖದಲ್ಲೇ ಇದ್ದೆ.

ನಾಲ್ಕು ವರ್ಷದ ಹಿಂದೆ ನನಗೆ ಜ್ವರ ಬಂತು. ಎರಡು ವಾರ ಕಾದು ಇಳಿಯಿತು, ಇಳಿಯುವಾಗ ಎರಡೂ ಕಿವಿಗಳನ್ನು ಹೊತ್ತುಕೊಂಡು ಹೋಯಿತು. ಮಿರಜಿನ ಡಾಕ್ಟರು ಮರಳಿ ಬರುವುದಿಲ್ಲವೆಂದು ಚೀಟಿಯಲ್ಲಿ ಬರೆದು ತೋರಿಸಿದರು. ಹೋಗಲಿ, ಕೇಳದಿದ್ದರೇನು, ಹಾಡುಗಳೆಲ್ಲ ಬಾಯಿಪಾಠ ಇವೆಯಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಎಂದಿನಂತೆ ಎದ್ದು ನಿಂತು ಹಾಡು ಎತ್ತಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸಭೆಯ ತಲೆಗಳು ಒಂದೊಂದಾಗಿ ಕೆಳಗೆ ಬಾಗಿದವು. ಪಕ್ಕಕ್ಕೆ ನೋಡಿದೆ. ಯಜಮಾನರ ಬೆರಳುಗಳು ಹಾರ್ಮೋನಿಯಂ ಮೇಲೆ ನನ್ನ ಸ್ವರ ಹುಡುಕುತ್ತ ಅತ್ತಿತ್ತ ಓಡುತ್ತಿದ್ದವು. ನಾನು ಅಲ್ಲಿಗೇ ನಿಲ್ಲಿಸಿ ಕೂತುಬಿಟ್ಟೆ.

ಅಂದಿನಿಂದ ಚರ್ಚಿಗೆ ಹೋಗಲಿಲ್ಲ. ಹಾಡದ ಮೇಲೆ ಅಲ್ಲಿ ನನಗೇನು ಕೆಲಸ? ಸಭೆಯವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. ಅವರ ಬಾಯಿಗಳು ಅಲ್ಲಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿ ಹೋಯಿತು. ಬರಬೇಡಿರೆಂದು ಹೇಳಿಕಳಿಸಿದೆ. ಎಲ್ಲರೂ ನಿಂತರು, ಕಂಡಿಕೆ ಸುತ್ತುವಾಕೆ ಮಾತ್ರ ನಿಲ್ಲಲಿಲ್ಲ. ದಿನಾ ಸಂಜೆ ಕೆಲಸ ಮುಗಿಸಿ, ತಲೆಯ ಮೇಲಿನ ನೂಲಿನ ಎಳೆಗಳನ್ನೂ ಕೊಡವಿಕೊಳ್ಳದೆ ಬಂದು ನನ್ನೆದುರು ಕೂತು ಮಾತಾಡುತ್ತಿದ್ದಳು. ಬರೆದು ತೋರಿಸು ಎಂದು ಹಲಗೆ ಕೊಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದಳು. ನಾನು ಬೇರೆ ಕಡೆ ನೋಡಿದರೆ ಗದ್ದ ಹಿಡಿದು ಮುಖ ತನ್ನತ್ತ ತಿರುಗಿಸುತ್ತಿದ್ದಳು. ಸಾವಿರಾರು ಮಕ್ಕಳ ಗದ್ದ ತಿರುಗಿಸಿದ ನನಗೇ ಈ ಗತಿ.

ಆಕೆಗೆ ಒಂದು ಸಂಗತಿ ಗೊತ್ತಿತ್ತು, ಯಜಮಾನರಿಗೆ ಗೊತ್ತಿರಲಿಲ್ಲ. ಅವರು ನನಗೆ ತಿಳಿಯಲೆಂದು ಬಾಯಿ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಅರೆಯುತ್ತಿದ್ದರು, ಏನೂ ತಿಳಿಯುತ್ತಿರಲಿಲ್ಲ. ಆಕೆ ಸಹಜವಾಗಿ, ಶೆಡ್ಡಿನಲ್ಲಿ ಆಡುವಂತೆಯೇ ಆಡುತ್ತಿದ್ದಳು. ನಾಲ್ಕು ತಿಂಗಳಾಗುವಷ್ಟರಲ್ಲಿ ಆಕೆಯ ತುಟಿಯಿಂದ ಮಾತು ಎತ್ತಿಕೊಳ್ಳಲು ಕಲಿತೆ. ಯಾವ ಚಾಳಿಗಾಗಿ ಬೈದಿದ್ದೆನೋ ಅದೇ ನನಗೆ ಕಿವಿಯಾಯಿತು. ಅದು ಹೊಳೆದ ಸಂಜೆ ಆಕೆಯ ಮುಂದೆ ಅತ್ತುಬಿಟ್ಟೆ. ಆಕೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು.

ಚರ್ಚಿನ ವಿಚಾರ ತೆಗೆದರೆ ಮಾತ್ರ ನಾನು ತಲೆ ಅಲ್ಲಾಡಿಸುತ್ತಿದ್ದೆ. ಕಪಾಟಿನ ಕೀಲಿ ಇನ್ನೂ ನನ್ನಲ್ಲೇ ಇದ್ದುದು ಚುಚ್ಚುತ್ತಿತ್ತು. ಕೊಟ್ಟರೆ ಮುಗಿಯಿತು, ಮತ್ತೆ ಆ ಕಡೆ ಹೋಗುವ ಪ್ರಶ್ನೆಯಿಲ್ಲ ಎಂದುಕೊಂಡು ಒಂದು ಶನಿವಾರ ಸಂಜೆ ಯಾರಿಗೂ ಹೇಳದೆ ಹೊರಟೆ. ಆ ಹೊತ್ತಿನಲ್ಲಿ ಅಲ್ಲಿ ಪಾಸ್ಟರ ಹೊರತು ಯಾರೂ ಇರುವುದಿಲ್ಲ.

ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಇಡೀ ಸಭೆ ಕೂತಿತ್ತು. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಕಂಡಿಕೆ ಸುತ್ತುವಾಕೆ ನನ್ನಂತೆಯೇ ಗದ್ದ ಮೇಲೆತ್ತಿ, ನನ್ನಂತೆಯೇ ಎಡಗೈ ಎದೆಗಿಟ್ಟು, ಕಣ್ಣು ಅರೆಮುಚ್ಚಿ ಬಾಯಿ ತೆರೆಯುತ್ತಿದ್ದಳು. ನಾನು ಉಸಿರೆಳೆಯುವಾಗ ಹೆಗಲು ಒಂದಿಷ್ಟು ಏರುತ್ತದೆ, ಅದನ್ನೂ ಬಿಟ್ಟಿರಲಿಲ್ಲ. ಎದುರಿಗೆ ಕೂತವರು ಬಾಯಿ ತೆರೆದು ಮುಚ್ಚುತ್ತಿದ್ದರು, ಕೆಲವರು ನಗುತ್ತಿದ್ದರು. ನಮ್ಮ ಯಜಮಾನರು ಹಾರ್ಮೋನಿಯಂ ಮುಚ್ಚಿಟ್ಟು ಅವರೂ ನಗುತ್ತ ಕೂತಿದ್ದರು.

ನನ್ನ ಮೈಯೆಲ್ಲ ಉರಿಯಿತು. ದಿನಾ ಮನೆಗೆ ಬಂದದ್ದು ನನ್ನನ್ನು ಅಣಕಿಸಲು ಕಲಿಯಲಿಕ್ಕೇನು? ಒಳಗೆ ನುಗ್ಗಿ ಕೀಲಿಯನ್ನು ಮೇಜಿನ ಮೇಲೆ ಒಗೆದೆ. ಏನೇನು ಅಂದೆನೋ ನನಗೇ ಕೇಳಲಿಲ್ಲ, ಆದರೆ ಮೆತ್ತಗಂತೂ ಅಂದಿರಲಿಕ್ಕಿಲ್ಲ. ತಿರುಗಿ ಹೊರಟವಳನ್ನು ಆಕೆ ಮೆಟ್ಟಿಲ ಬಳಿ ಹಿಡಿದು ಗದ್ದ ತಿರುಗಿಸಿದಳು.

"ನೀವು ಎಲ್ಲಿ ಉಸುರು ತಗೋತೀರಿ, ಎಲ್ಲಿ ಎಳೀತೀರಿ, ಅದನ್ನ ಕಲಿಯಾಕತ್ತೀವ್ರಿ ಅಕ್ಕೋರ. ನಿಮಗ ನಮ್ಮ ದನಿ ಕೇಳೂದಿಲ್ಲ, ನಮ್ಮ ಕೂಡ ನೀವು ಬರಾಕ ಆಗೂದಿಲ್ಲ. ಅದಕ್ಕ ನಿಮ್ಮ ಕೂಡ ನಾವು ಬರ್ತೀವ್ರಿ."

ನನಗೆ ಅರ್ಥವಾಗಲಿಲ್ಲ. ಯಜಮಾನರು ಹಿಂದಿನಿಂದ ಬಂದು ಹಾಡಿನ ಪುಸ್ತಕದ ಹಿಂಬದಿಯಲ್ಲಿ ಬರೆದರು: ಹಾರ್ಮೋನಿಯಂ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ, ನೀನು ನಿಲ್ಲುವುದಿಲ್ಲ, ಅದಕ್ಕೆ ನೀನು ಎತ್ತುವ ಹಾಡಿಗೆ ನಾನು ನುಡಿಸುವುದಿಲ್ಲ. ಪ್ರತಿ ಶನಿವಾರ ಹೀಗೆ ಕೂಡುತ್ತಿದ್ದೇವೆ, ಎರಡು ತಿಂಗಳಾಯಿತು.

ಎರಡು ತಿಂಗಳು. ನನ್ನಿಂದ ಬೈಸಿಕೊಂಡ ಜನ, ಶೆಡ್ಡಿನ ಕೆಲಸ ಮುಗಿಸಿ ಬಂದು ಕಲಿಯುತ್ತಿದ್ದರು. ನಾನು ಆ ಮೆಟ್ಟಿಲ ಮೇಲೆಯೇ ಕೂತೆ, ಆಕೆ ಕೀಲಿಯನ್ನು ತಂದು ನನ್ನ ಸೆರಗಿಗೆ ಕಟ್ಟಿದಳು.

ಮರುದಿನ ಭಾನುವಾರ, ಸಭೆಯ ಮುಂದೆ ಎದ್ದು ನಿಂತೆ. ಮತ್ತೆ ತಲೆಗಳು ಬಾಗಿದರೆ ಜನ್ಮದಲ್ಲಿ ಇನ್ನು ಬಾಯಿ ತೆರೆಯುವುದಿಲ್ಲವೆಂದು ಗಟ್ಟಿ ಮಾಡಿಕೊಂಡಿದ್ದೆ. ಮೊದಲ ಸಾಲು ಒಬ್ಬಳೇ ಹೇಳಿದೆ. ಎರಡನೆಯ ಸಾಲಿಗೆ ಉಸಿರೆಳೆದೆ. ಎದುರಿಗೆ ಅರವತ್ತು ಜನರ ಎದೆ ಒಟ್ಟಿಗೆ ಏರಿತು. ಬಾಯಿ ತೆರೆದೆ, ಅಷ್ಟೂ ಬಾಯಿಗಳು ತೆರೆದವು. ಯಾರ ಕೈಯಲ್ಲೂ ಪುಸ್ತಕವಿಲ್ಲ, ಯಾರ ಕಣ್ಣೂ ನನ್ನ ಮುಖದಿಂದ ಕದಲಿಲ್ಲ. ನನ್ನ ಬುದ್ಧಿ ಎಲ್ಲಿ ಹೋದೀತು, ಪರೀಕ್ಷೆ ಮಾಡೋಣವೆಂದು ಒಂದು ಕಡೆ ಬೇಕೆಂದೇ ತಡೆದು ನಿಂತೆ. ಎಲ್ಲರೂ ನಿಂತರು. ಮತ್ತೆ ಹೊರಟೆ, ಹೊರಟರು. ಬರಿಗಾಲಿನಡಿಯ ನೆಲದಲ್ಲಿ ಸಣ್ಣಗೆ ಅದುರು ಬರುತ್ತಿತ್ತು. ಅದು ಪಕ್ಕದ ಶೆಡ್ಡಿನದೋ ನಮ್ಮ ಸಭೆಯದೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ನಾನು ಈ ಜನರ ಸ್ವರ ತಿದ್ದಿದ್ದೆ, ಇವರು ಯಾರೆಂದು ಒಂದು ದಿನವೂ ನೋಡಿರಲಿಲ್ಲ. ದೇವರ ಭಯವೆಂದು ಬಾಯಲ್ಲಿ ಅನ್ನುತ್ತಿದ್ದ ಮಾತು ಅಂದು ಮೈಗೆ ಬಂತು.

ಹಾಡು ಹೇಗಾಯಿತೆಂದು ಯಜಮಾನರನ್ನು ಕೇಳಿದೆ. "ಛಲೋ ಆತು" ಎಂದು ಬರೆದರು. ಇಪ್ಪತ್ತು ವರ್ಷ ಹಾಡು ಎತ್ತಿದವಳು ನಾನು, ನಂಬುವೆನೇ? ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಕಂಡಿಕೆಯಾಕೆಯನ್ನು ಹಿಡಿದು ಈ ಸಲ ನಾನೇ ಗದ್ದ ತಿರುಗಿಸಿದೆ.

"ಖರೆ ಹೇಳ. ನನ್ನ ಸ್ವರ ಸರಿ ಇತ್ತೇನು?"

ಆಕೆ ಎಂದಿನಂತೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ, ತುಟಿ ಬಿಚ್ಚಿದಳು.

"ಇಲ್ರೀ ಅಕ್ಕೋರ. ಎರಡನೇ ಸಾಲಿನಾಗ ನೀವು ದಾರಿ ಬಿಟ್ರಿ. ನಾವೂ ಬಿಟ್ವಿ. ಒಬ್ರೂ ದಾರಿ ಮ್ಯಾಲ ಉಳೀಲಿಲ್ರಿ."