ಆ ಅಂಗಿಗಳನ್ನು ಹೊಲಿದವರು

ಸೇಡಂನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊನ್ನೆ ಗಣಿತದ ಮೇಡಂ ನನ್ನತ್ತ ತಿರುಗಿ, "ಮೇಡಂ, ಜರಾ ಮನಸ್ಸಿನಾಗ ಓದ್ಕೋರಿ, ನನ್ನ ಲೆಕ್ಕ ತಪ್ಪಲಿಕತ್ತಾವ" ಎಂದರು. ನಾಚಿಕೆಯಾಯಿತು. ಏನು ಮಾಡಲಿ, ಪುಸ್ತಕ ಕೈಗೆ ಬಂದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮದುವೆಯ ಕರೆಯೋಲೆ, ಔಷಧದ ಚೀಟಿ, ಬಸ್ಸಿನ ಬೋರ್ಡು, ಎಲ್ಲವನ್ನೂ ಜೋರಾಗಿಯೇ ಓದುವವಳು ನಾನು. ಅಂದು ಕೈಯಲ್ಲಿದ್ದದ್ದು ಮೊದಲ ಮಹಾಯುದ್ಧದ ನಂತರದ ಇಟಲಿಯ ಪಾಠ. ಬಾಯಿ ಮುಚ್ಚಿಕೊಂಡು ಓದಲು ನೋಡಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಓದು ನಿಂತೇ ಹೋಯಿತು, ಶಹಾಬಾದಿನ ಅಂಗಡಿ ಕಣ್ಣೆದುರು ಬಂತು.

ಅಪ್ಪ ಅಲ್ಲಿ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ಊರಿನ ಅರ್ಧ ಜನರ ಎದೆಯಳತೆ ಅವರ ನಾಲಿಗೆಯ ತುದಿಯಲ್ಲಿತ್ತು, ಆದರೆ ಅಕ್ಷರ ಮಾತ್ರ ಹೆಸರು ಬರೆಯುವಷ್ಟೇ. ನಾನು ಪಿಯುಸಿ ಓದುವಾಗ ಮಧ್ಯಾಹ್ನ ಕಾಲೇಜು ಬಿಟ್ಟು ನೇರ ಅಂಗಡಿಗೆ ಬಂದು, ಬಟ್ಟೆಯ ಗಂಟಿನ ಮೇಲೆ ಕುಳಿತು ಪಾಠ ಓದುತ್ತಿದ್ದೆ. ಮಿಶನ್ನಿನ ಸದ್ದನ್ನು ಮೀರಿ ಕೂಗಿ ಓದಬೇಕು, ಇಲ್ಲವಾದರೆ ಅಪ್ಪನಿಗೆ ಕೇಳದು. ಹೀಗೆ ಅಪ್ಪ ಮೌರ್ಯರನ್ನು, ಬಹಮನಿಗಳನ್ನು, ಫ್ರಾನ್ಸಿನ ಕ್ರಾಂತಿಯನ್ನು ಕಾಲರ್ ಹಚ್ಚುತ್ತಲೇ ತಿಳಿದುಕೊಂಡರು. ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು ಎಂಬುದನ್ನೂ ಒಪ್ಪಿಕೊಳ್ಳಬೇಕು. ನನ್ನ ಅಂಕಪಟ್ಟಿ ಅದಕ್ಕೆ ಸಾಕ್ಷಿ.

ಇಟಲಿಯ ಪಾಠ ಶುರುವಾಯಿತು. ಯುದ್ಧದಿಂದ ಮರಳಿದ ಸಿಪಾಯಿಗಳಿಗೆ ಕೆಲಸವಿಲ್ಲ. ಹೊಲದಲ್ಲಿ ದುಡಿಯುವವರು ಸಂಘ ಕಟ್ಟಿದ್ದಾರೆ, ಜಮೀನುದಾರರಿಗೆ ದಿಗಿಲು. ಆಗ ಕಪ್ಪಂಗಿ ತೊಟ್ಟ ತರುಣರ ಗುಂಪುಗಳು ಲಾರಿಗಳಲ್ಲಿ ಹಳ್ಳಿಗಳಿಗೆ ನುಗ್ಗುತ್ತವೆ.

ಮಿಶನ್ನು ನಿಂತಿತು. "ಅಷ್ಟೂ ಅಂಗಿ ಯಾರು ಹೊಲದ್ರವ್ವಾ?" ಎಂದರು ಅಪ್ಪ.

"ಅದು ಪುಸ್ತಕದಾಗಿಲ್ಲಪ್ಪಾ."

"ಯಾರರ ಹೊಲದಿರಬೇಕಲ್ಲ. ಒಂದs ಬಣ್ಣ, ಒಂದs ನಮೂನಿ. ಊರ ದರ್ಜಿಗೆ ಗೊತ್ತಾಗದs ಇರಲ್ಲ."

ಮರುದಿನ ಇದನ್ನೇ ತರಗತಿಯಲ್ಲಿ ಕೇಳಿದೆ. ಎಲ್ಲರೂ ನಕ್ಕರು. ಅದು ಪರೀಕ್ಷೆಗೆ ಬರುವುದಿಲ್ಲ ಎಂದರು ಸರ್.

ಅದೇ ವಾರ ಸೋಮು ಅಂಗಡಿಗೆ ಬಂದ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯೊಂದರ ಮಾಲೀಕನ ಮಗ. ಶಾಲೆಯ ಚಡ್ಡಿಯಿಂದ ಹಿಡಿದು ಅವನ ಬಟ್ಟೆಗಳೆಲ್ಲ ಅಪ್ಪನ ಕೈಯವೇ. ಜೊತೆಗೆ ತಂದ ಬೂದುಬಣ್ಣದ ಬಟ್ಟೆಯ ಥಾನುಗಳನ್ನು ಇಳಿಸಿ, "ಕಾಕಾ, ನಮ್ಮ ಹುಡುಗುರದೊಂದು ಪಡೆ ಕಟ್ಟೀವಿ. ಎಲ್ಲಾರಿಗೂ ಒಂದs ನಮೂನಿ ಅಂಗಿ ಆಗಬೇಕು" ಎಂದ. ಅವರ ಖಣಿಯಲ್ಲಿ ಆಗ ಕೆಲಸ ನಿಂತಿತ್ತು. ಕಲ್ಲು ಒಡೆಯುವವರು ಕುಡಿಯುವ ನೀರು, ನೆರಳಿಗೊಂದು ತಟ್ಟಿ ಕೇಳಿ ಧರಣಿ ಕುಳಿತಿದ್ದರು. ಅವರ ಪರವಾಗಿ ಮಾತಾಡುತ್ತಿದ್ದವನು ಹುಸೇನಪ್ಪ, ಅಪ್ಪನ ಗೆಳೆಯ. ಪಡೆ ಯಾತಕ್ಕೆಂದು ಅಪ್ಪ ಕೇಳಲಿಲ್ಲ. ಅಳತೆ ತೆಗೆದುಕೊಂಡರು.

ಅಪ್ಪ ಬೂದು ಅಂಗಿ ಹೊಲಿಯುತ್ತಿದ್ದರು, ನಾನು ಓದು ಮುಂದುವರಿಸಿದೆ. ಕಪ್ಪಂಗಿಯವರು ಸಂಘದ ಕಾರ್ಯದರ್ಶಿಗಳನ್ನು ಮನೆಯಿಂದ ಎಳೆದು ತಂದು, ಕೈಕಾಲು ಹಿಡಿದು, ಬಾಯಿಗೆ ಔಡಲೆಣ್ಣೆ ಸುರಿಯುತ್ತಿದ್ದರು. ಅಲ್ಲಿಗೆ ಬಂದಾಗ ನನಗೆ ನಗು ಬಂತು. ನಮ್ಮ ಕಡೆ ಹೊಟ್ಟೆ ತೊಳೆಯಲು ಮಕ್ಕಳಿಗೆ ಕುಡಿಸುವ ಎಣ್ಣೆ ಅದು. ಅಪ್ಪ ನಗಲಿಲ್ಲ.

"ನಾಕ ಮಂದಿ ನೋಡಲಿ ಅಂತ ಕುಡಸ್ತಾರ. ಅಂವ ಮತ್ತ ಮಂದಿ ಮುಂದ ನಿಂತು ಮಾತಾಡಬಾರದು ಅಂತ" ಎಂದರು. ಆಮೇಲೆ ಕೇಳಿದರು: "ಪೊಲೀಸರು?"

"ನೋಡಿದ್ರೂ ನೋಡದಂಗ ಇದ್ರಂತ" ಎಂದೆ.

ಅಪ್ಪ ಮಿಶನ್ನಿನಿಂದ ಅಂಗಿಯನ್ನು ತೆಗೆದು ಮಡಚಿದರು. ಮರುದಿನ ಸೋಮು ಬಂದಾಗ ಹೊಲಿದದ್ದು, ಕತ್ತರಿಸಿದ್ದು, ಉಳಿದದ್ದು ಎಲ್ಲವನ್ನೂ ಅವನ ಮುಂದಿಟ್ಟರು.

"ಇದು ನನ್ನಿಂದ ಆಗಲ್ಲಪ್ಪ."

"ಯಾಕ ಕಾಕಾ, ಕೈ ನೋವೇನು?"

ಹೌದು ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಕೈ ಚಲೋ ಅದ" ಎಂದರು ಅಪ್ಪ.

ಸೋಮು ಬಟ್ಟೆ ಎತ್ತಿಕೊಂಡು ಹೋದ. ಅಂಗಿಗಳು ಪಕ್ಕದ ವಾಡಿ ಊರಿನಲ್ಲಿ ಹೊಲಿಸಿಕೊಂಡು ಬಂದವು. ಹತ್ತು ದಿನದೊಳಗೆ ಆ ಅಂಗಿಯ ಹುಡುಗರು ಲಾರಿಯಲ್ಲಿ ಖಣಿಗೆ ಹೋಗಿ ಧರಣಿ ಕುಳಿತವರನ್ನು ಬಡಿದರು. ಹುಸೇನಪ್ಪನ ಬಲಗೈ ಮುರಿಯಿತು. ಆ ಕೈ ಮುಂದೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಖಣಿಯ ಮಾಲೀಕನಿಗೆ ಹೆದರಿ ನಮ್ಮ ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರೂ ಬೇಗ ಎದ್ದು ಹೋಗುತ್ತಿದ್ದರು. ಪುಸ್ತಕ ಓದಿ ನಾನೇ ಇದನ್ನೆಲ್ಲ ಮನೆಯ ಮೇಲೆ ಎಳೆದುಕೊಂಡೆನೆಂದು ಒಳಗೇ ಬೇಯುತ್ತಿದ್ದೆ.

ಹುಸೇನಪ್ಪನ ಹೆಂಡತಿ ಅವನ ಹರಿದ ಅಂಗಿಯನ್ನು ತಂದುಕೊಟ್ಟಳು. ಅಪ್ಪ ಅದರ ತೋಳು ಜೋಡಿಸುತ್ತ, ತಲೆ ಎತ್ತದೆಯೇ ಕೇಳಿದರು: "ಆ ಇಟಲಿದಾಗ ಮುಂದ ಏನಾತವ್ವಾ? ಯಾರರ ತಡದ್ರೇನು?"

ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ರಾಜ ಆ ಪಡೆಯ ಮುಖಂಡನನ್ನೇ ಕರೆದು ಸರಕಾರ ಒಪ್ಪಿಸಿದ, ಅಧಿಕಾರ ಸಿಕ್ಕರೆ ತಣ್ಣಗಾಗುತ್ತಾನೆಂದು ದೊಡ್ಡವರು ನಂಬಿದರು ಎಂದು ಅಲ್ಲಿ ಅಚ್ಚಾಗಿತ್ತು. ನಾನು ಆ ಸಾಲುಗಳನ್ನೇ ನೋಡುತ್ತ, ಪಾಠದ ರಾಗದಲ್ಲಿಯೇ ಓದಿದೆ: "ಆಗ ಜನರೆಲ್ಲರೂ ಒಗ್ಗೂಡಿ ಅವರನ್ನು ತಡೆದರು. ರಾಜನು ಅವರ ಮುಖಂಡನನ್ನು ಸೆರೆಮನೆಗೆ ತಳ್ಳಿದನು."

"ಚಲೋ ಆತು" ಎಂದು ಅಪ್ಪ ಮಿಶನ್ ತುಳಿದರು.

ಇತಿಹಾಸ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು ಇತಿಹಾಸವನ್ನು ತಿದ್ದಿದ್ದು ಹೀಗೆ. ಅಷ್ಟಕ್ಕೇ ನಿಂತಿದ್ದರೆ ಮರೆಯುತ್ತಿದ್ದೆನೇನೋ. ಅಪ್ಪ ಅದನ್ನು ಹುಸೇನಪ್ಪನಿಗೆ ಹೇಳಿದರು. ಹುಸೇನಪ್ಪ ಖಣಿಯವರಿಗೆಲ್ಲ ಹೇಳಿದ. ಎಷ್ಟೋ ವರ್ಷ ಅಂಗಡಿಯಲ್ಲಿ ಮಾತು ರಾಜಕೀಯದತ್ತ ತಿರುಗಿದಾಗಲೆಲ್ಲ ಅಪ್ಪ, "ಇಟಲಿದಾಗ ಮಂದಿ ತಡದಾರ" ಎನ್ನುತ್ತಿದ್ದರು. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಈಗ ಅಪ್ಪ ಸೇಡಂನಲ್ಲಿ ನನ್ನ ಜೊತೆಗಿದ್ದಾರೆ. ಕಣ್ಣು ಮಂಜಾಗಿದೆ. ಮೊನ್ನೆ ಸ್ಟಾಫ್ ರೂಮಿನಿಂದ ಮನೆಗೆ ಬಂದವಳೇ ಅವರ ಮಂಚದ ಹತ್ತಿರ ಕುಳಿತು ಆ ಪಾಠವನ್ನು ಮೊದಲಿನಿಂದ ಓದಿದೆ. ರಾಜನ ಸಾಲು ಬಂತು. ಇದ್ದದ್ದನ್ನು ಇದ್ದಂತೆ ಓದಿದೆ.

ಅಪ್ಪ ಎದ್ದು ಕುಳಿತರು. "ಅವತ್ತೂ ಹಿಂಗs ಬರದಿತ್ತೇನು?" ಎಂದು ಕೇಳಿದರು.

"ಹೂಂ."

"ಹುಸೇನಪ್ಪಗ ಹೇಳಬೇಕು. ಅಂವ ಭಾಳ ಮಂದಿಗೆ ಹೇಳ್ಯಾನ."

ಭಾನುವಾರ ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ರಾವೂರಿಗೆ ಹೋದೆವು. ಹುಸೇನಪ್ಪ ಈಗ ಅಲ್ಲಿ ಮಗನ ಮನೆಯಲ್ಲಿದ್ದಾನೆ. ಬಾಗಿದ ಕೈಯಿಂದಲೇ ಅಪ್ಪನನ್ನು ಹಿಡಿದು ಮಂಚದ ಮೇಲೆ ಕೂಡಿಸಿದ. ಹೇಳಬೇಕಾದವಳು ನಾನು. ಹೇಳಿದೆ. ಲಾರಿ, ಎಣ್ಣೆ, ರಾಜ, ಆಮೇಲಿನ ಇಪ್ಪತ್ತು ವರ್ಷ, ಮತ್ತೊಂದು ಯುದ್ಧ.

ಹುಸೇನಪ್ಪ ಕೇಳಿಸಿಕೊಂಡು, ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದ. "ಇದು ಆಗs ಗೊತ್ತಾಗಿತ್ತಂದ್ರ, ಆ ಅಂಗಿ ಅರಿವಿ ತಿರುಗಿ ಇಸ್ಕೊಂಡು ಹೊಲೀತಿದ್ದ್ಯೇನು?"

"ಇಲ್ಲ" ಎಂದರು ಅಪ್ಪ.

"ನಾನೂ ಧರಣಿಯಿಂದ ಎದ್ದು ಹೋಗ್ತಿದ್ದಿಲ್ಲ." ಆಮೇಲೆ ನನ್ನನ್ನು ನೋಡಿದ. "ನಾವು ಎದಿಗುಂದತೀವಂತ ಹೆದರಿ ಸುಳ್ಳು ಹೇಳಿದಿ. ನಿನ್ನ ಹುಡುಗುರ ಮುಂದ ಹಂಗ ಹೆದರಬ್ಯಾಡವ್ವಾ, ಇದ್ದದ್ದು ಇದ್ದಂಗ ಹೇಳು."

ನಾನು ತಲೆಯಾಡಿಸಿದೆ. ಹುಸೇನಪ್ಪ ಸೊಸೆಯನ್ನು ಕರೆದು ಚಹಾಕ್ಕೆ ಇಡಲು ಹೇಳಿದ.