ಹೊಸ್ತಿಲ ಬಿಸಿಲಿಗೆ ಬಂದ ಹಸಿರು ಮಿಕ್ಸರ್

ನಂದಾಳಿಗೆ ಕೂತಲ್ಲಿ ಕೂತು ಗೊತ್ತಿಲ್ಲ. ಮೂಡಲಗಿಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅವಳಿಗೊಂದು ಸ್ಟೂಲು ಹಾಕಿಕೊಟ್ಟು ಮೂರು ವರ್ಷವಾಯಿತು. ಪಾಪ, ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿಲ್ಲ. ಸ್ಪೀಕರು ಒರೆಸುತ್ತಾಳೆ, ಫ್ರಿಜ್ಜಿನ ಬಾಗಿಲು ತೆಗೆದು ಹಾಕುತ್ತಾಳೆ, ನೀಲಿ ಮೊಬೈಲನ್ನು ಬೂದಿ ಬಣ್ಣದ್ದರ ಬಾಜೂ ಇಟ್ಟು ಮತ್ತೆ ತೆಗೆಯುತ್ತಾಳೆ. ಗೋಕಾಕದ ಸೀರೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಸೀರೆ ಬಿಚ್ಚಿ ಮಡಚಿದ ಕೈ, ಸುಮ್ಮನಿರು ಎಂದರೆ ಇರುತ್ತದೆಯೇ?

ಬಣ್ಣದ ವಿಷಯದಲ್ಲಂತೂ ಅವಳ ಎದುರು ಯಾರೂ ಬಾಯಿ ತೆಗೆಯುವಂತಿಲ್ಲ. ಕಂಪನಿಯವರ ಪುಸ್ತಕದಲ್ಲಿ ಒಂದೇ ಕಪ್ಪಿಗೆ ಮೂರು ಇಂಗ್ಲಿಷ್ ಹೆಸರು ಕಂಡು ನಕ್ಕಿದ್ದಳು. "ಕರಿ ಅಂದ್ರ ಕರಿ. ಹೆಸರಿಟ್ರ ಬೆಳ್ಳಗಾಕ್ಕೈತೇನ್ರಿ?" ಆದರೆ ಲಗ್ನದ ಸೀಜನ್ನಿಗೆ ಬರೀ ಕಪ್ಪು ಮಿಕ್ಸರ್ ಬರುತ್ತವೆಂದಾಗ ನಗಲಿಲ್ಲ, ಸಿಡಿದಳು. ಮದುಮಗಳಿಗೆ ಕೊಡುವ ಸಾಮಾನನ್ನು ಹಂದರದಲ್ಲಿ ಸಾಲಾಗಿ ಜೋಡಿಸಿ ಬೀಗರಿಗೆಲ್ಲ ತೋರಿಸುವ ಊರುಗಳಿವು. ಅಲ್ಲಿ ಕಪ್ಪು ಇಡುವವರು ಯಾರು? ಮಾಲೀಕ ಗುರುಲಿಂಗಪ್ಪನ ಬೆನ್ನು ಹತ್ತಿ, ಬಳೆ ಹಸಿರಿನ ಆರು ಮಿಕ್ಸರ್ ತರಿಸಿದಳು.

"ಆತವಾ, ನಿನ್ನ ಮಾತಿನ ಮ್ಯಾಲ ತರಸ್ತೇನಿ," ಅಂದಿದ್ದ ಆತ. "ಸೀಜನ್ ಮುಗಿಯೂದ್ರಾಗ ಒಂದಾರ ಮಾರಿ ಹೋಗಬೇಕ. ಇಲ್ಲಂದ್ರ ಗಿರಾಕಿ ಮುಂದ ನಿಂದ್ರೂದ ಬಿಟ್ಟು ಹಿಂದ ಗೋಡೌನ್ ನೋಡ್ಕೋ."

ಗೋಡೌನ್ ಎಂದರೆ ಕಿಟಕಿಯಿಲ್ಲದ ಕೋಣೆ. ನಾಲ್ಕು ಮಂದಿಯ ಮುಖ ಕಾಣದಿದ್ದರೆ ಊಟ ಸೇರದ ಹೆಣ್ಣಿಗೆ ಅದು ಜೈಲೇ ಸರಿ.

ಐದು ವಾರ ಕಳೆದರೂ ಒಂದೂ ಹೋಗಲಿಲ್ಲ. ಸೀಜನ್ನಿನ ಕೊನೆಯ ರವಿವಾರ ಬಂತು. ಬೆಳಗಿನಿಂದ ನಂದಾ ಅದೇ ಆರು ಮಿಕ್ಸರನ್ನು ಎಂಟು ಸಲ ಒರೆಸಿದ್ದಳು. ರವಿವಾರ ಅಂಗಡಿ ಅರ್ಧ ದಿನ; ಮಧ್ಯಾಹ್ನ ಮುಚ್ಚುವ ಹೊತ್ತಿಗೆ ಕುಲಗೋಡದ ಸಾವಂತ್ರೆವ್ವ ಮಗಳು ಮೇಘಾಳನ್ನು ಕರೆದುಕೊಂಡು ಬಂದಳು. ಮುಂದಿನ ವಾರವೇ ಹುಡುಗಿಯ ಮದುವೆ.

ಸಾವಂತ್ರೆವ್ವ ಹಸಿರು ಮಿಕ್ಸರ್ ನೋಡಿ ಮೂಗು ಮುರಿದಳು. "ಇದೇನ ಬೇ, ಬಾಡಿದ ಮೆಂತೆಪಲ್ಯೆದಂಗ ಐತಿ!"

ನಂದಾ ಹಣೆ ಬಡಿದುಕೊಂಡಳು. ಎಂಥ ಪೆದ್ದುತನ! ಸೀರೆ ಕೊಳ್ಳುವಾಗ ಯಾವ ಹೆಂಗಸೂ ಟ್ಯೂಬ್‌ಲೈಟ್ ನಂಬುವುದಿಲ್ಲ. ಸೆರಗು ಹಿಡಿದು ಹೊಸ್ತಿಲಿಗೆ ಒಯ್ದು ಬಿಸಿಲಲ್ಲಿ ನೋಡುತ್ತಾಳೆ. ಹದಿನಾಲ್ಕು ವರ್ಷ ಅದನ್ನೇ ಮಾಡಿಸಿದವಳು, ಮಿಕ್ಸರಿಗೆ ವೈರ್ ಇದೆಯೆಂದು ಪ್ಲಗ್ಗಿನ ಬುಡದಲ್ಲೇ ಇಟ್ಟುಕೊಂಡು ಕೂತಿದ್ದಳಲ್ಲ!

"ಬರ್ರಿ ಯವ್ವಾ, ಹೊರಗ ಬರ್ರಿ," ಎಂದವಳೇ ಮಿಕ್ಸರ್ ಎತ್ತಿಕೊಂಡು ಬಾಗಿಲಿಗೆ ಓಡಿದಳು. ಬಿಸಿಲು ಬಿದ್ದದ್ದೇ ತಡ, ಹಸಿರು ಹೊಸ ಬಳೆಯಂತೆ ಹೊಳೆಯಿತು. ಸಾವಂತ್ರೆವ್ವನ ಮುಖ ಅರಳಿತು.

"ಅಯ್ಯ ಶಿವನೇ! ಇದನ್ನ ಕಟ್ಟವಾ ಮತ್ತ."

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಗುರುಲಿಂಗಪ್ಪ ಮೀಸೆಯಲ್ಲೇ ನಕ್ಕ. ನಂದಾಳ ಎದೆ ಹಗುರಾಯಿತು. ಗೆದ್ದೆ! ಡಬ್ಬಿ ತರಲು ಒಳಗೆ ತಿರುಗಿದಾಗ ಮೇಘಾ ಕಂಡಳು. ಹೊರಗೆ ಬಂದೇ ಇರಲಿಲ್ಲ. ಕಪ್ಪು ಮಿಕ್ಸರಿನ ಮುಂದೆ ನಿಂತು, ಅದರ ಗುಂಡಿಯನ್ನು ಮೆಲ್ಲಗೆ ತಿರುವುತ್ತಿದ್ದಳು. ಕೇಳಬಾರದು, ಕಟ್ಟಿ ಕಳಿಸಿಬಿಡಬೇಕು ಎಂದುಕೊಂಡಳು ನಂದಾ. ಕೈ ಡಬ್ಬಿಯನ್ನೂ ಹಿಡಿದಿತ್ತು. ಹಾಳಾದ ಬಾಯಿ ತಡೆಯಲಿಲ್ಲ.

"ನಿನಗ ಯಾವ್ದು ಬೇಕವಾ?"

ಹುಡುಗಿ ತಾಯಿಯತ್ತ ನೋಡಿದಳು. "ಕರೀದು."

"ಲಗ್ನಕ್ಕ ಕರೀದ?" ಸಾವಂತ್ರೆವ್ವ ಹೌಹಾರಿದಳು. "ಮಂದಿ ಏನಂದಾರು?"

"ಮಂದಿ ಒಂದ ದಿನ ನೋಡ್ತಾರ ಯವ್ವಾ. ದಿನಾ ಖಾರಾ ರುಬ್ಬಾಕಿ ನಾನ ಅಲ್ಲೇನ?"

ಸಾವಂತ್ರೆವ್ವ ಸ್ವಲ್ಪ ಹೊತ್ತು ಗೊಣಗಿದಳು, ಕಡೆಗೆ ಸೋತಳು. ನಂದಾ ಕಪ್ಪು ಮಿಕ್ಸರನ್ನೂ ಬಿಸಿಲಿಗೆ ಹಿಡಿದು ತೋರಿಸಿಯೇ ಕಟ್ಟಿಕೊಟ್ಟಳು.

ತಾಯಿ ಮಗಳು ಬಸ್ ಸ್ಟ್ಯಾಂಡಿನತ್ತ ಹೋದ ಮೇಲೆ ಗುರುಲಿಂಗಪ್ಪ ತಲೆ ಕೆರೆದುಕೊಂಡ. "ಹಸರ ಮಿಕ್ಸರ ಮಾರಿ ಆಗಿತ್ತಲ್ಲವಾ, ಹುಚ್ಚಿ! ಆ ಹುಡುಗೀನ್ನ ಯಾಕ ಕೇಳಾಕ ಹೋದಿ?"

"ನಮ್ಮ ಮನ್ಯಾಗೂ ಹಸರ ಮಿಕ್ಸರ ಐತ್ರಿ, ಸಾವ್ಕಾರ್ರ. ನನ್ನ ಲಗ್ನದಾಗ ನಮ್ಮವ್ವ ಆರಿಸಿದ್ದು." ನಂದಾ ಕಪ್ಪು ಮಿಕ್ಸರಿದ್ದ ಖಾಲಿ ಜಾಗ ಒರೆಸಿದಳು. "ನನ್ನ ಯಾರೂ ಕೇಳಿದ್ದಿಲ್ರಿ."

ಹಸಿರು ಮಿಕ್ಸರನ್ನು ಬಗಲಿಗೆ ಇಟ್ಟುಕೊಂಡು, ಗೋಡೌನಿನ ಕೀಲಿಗಾಗಿ ತಾನೇ ಕೈ ಚಾಚಿದಳು.